ಊರಿಗೆ ದುಡ್ಡು ಕೊಡೋದು ಹೇಗೆ? ಇಂಡಿ ಕಡೆಯ ಒಂದು ಹಳ್ಳಿ, ನಮ್ಮ ಬಳಗದ ನಾಲ್ಕು ಲಕ್ಷ

ಹಡಪಸರ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಪುಣೆಯ ನಮ್ಮ ಚಿಕ್ಕ ಕನ್ನಡ ಬಳಗ ಈ ಸಲ ರಾಜ್ಯೋತ್ಸವಕ್ಕೆ ಆರ್ಕೆಸ್ಟ್ರಾ ಬೇಡ, ಸಾದಾ ಊಟ ಸಾಕು ಅಂತ ಮಾಡಿ ಹಣ ಉಳಿಸಿದೆ. ಸದಸ್ಯರು ಕೈಯಿಂದ ಇನ್ನಷ್ಟು ಸೇರಿಸಿದ್ದಾರೆ. ಒಟ್ಟು ನಾಲ್ಕು ಲಕ್ಷ ರೂಪಾಯಿ ಆಗಿದೆ. ಇದನ್ನು ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಒಂದು ಹಳ್ಳಿಗೆ ಕೊಡಬೇಕು ಅಂತ ಒಮ್ಮತ ಆಗಿದೆ.

ಆ ಹಳ್ಳಿಯೇ ಯಾಕೆ ಅಂದರೆ, ನಮ್ಮ ಹಡಪಸರ್, ಮುಂಢವಾ, ವಾಘೋಲಿ ಕಡೆ ಕಟ್ಟಡ ಕೆಲಸಕ್ಕೆ ಬರುವ ಎಷ್ಟೋ ಜನ ಆ ಸುತ್ತಿನವರು. ದೀಪಾವಳಿ ಮುಗಿದ ಮೇಲೆ ಗಂಡ, ಹೆಂಡತಿ, ಮಕ್ಕಳ ಸಮೇತ ಬಂದು ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಮಳೆಗಾಲಕ್ಕೆ ವಾಪಸ್. ಮಕ್ಕಳ ಶಾಲೆ ಅಲ್ಲಿಗೇ ನಿಲ್ಲುತ್ತದೆ. ಅವರಲ್ಲಿ ಬಹಳ ಮನೆಗಳಿಗೆ ಊರಲ್ಲಿ ಎರಡು, ಮೂರು ಎಕರೆ ಹೊಲ ಇದೆ. ಕೆಲವರಿಗೆ ಅದೂ ಇಲ್ಲ.

ಬಳಗದಲ್ಲಿ ಮೂರು ಸಲಹೆ ಬಂದಿವೆ. ಒಂದು ಬೋರ್‌ವೆಲ್ ಕೊರೆಸೋದು. ಎರಡನೇದು ಬಡ ಮನೆಗಳಿಗೆ ಒಂದೊಂದು ಹಸು. ಮೂರನೇದು ರೇಷನ್ ಕಿಟ್, ಕಂಬಳಿ, ನೋಟ್‌ಬುಕ್. ಮೂರರಲ್ಲಿ ಯಾವುದೂ ನನಗೆ ಸಮಾಧಾನ ಕೊಟ್ಟಿಲ್ಲ. ಮುಂದಿನ ವರ್ಷ ಕೆಲವು ಮನೆಗಳಾದರೂ ಈ ಶೆಡ್ಡಿಗೆ ಬರೋದು ತಪ್ಪಬೇಕು. ಅದಕ್ಕೆ ಈ ದುಡ್ಡಲ್ಲಿ ಏನು ಮಾಡಬಹುದು? ಮುಂಬಯಿ, ಗೋವಾದಲ್ಲಿ ಇರುವವರೂ ಹೇಳಿ.

ಡೊಂಬಿವಲಿ ಟೀಚರ್

ಹಸು ಒಳ್ಳೆಯದೇ ಅಲ್ವಾ? ಮನೆಗೂ ಹಾಲು, ಡೈರಿಗೂ ಹಾಲು. ಅಮೆರಿಕದ ಹೈಫರ್ ಅನ್ನುವ ಸಂಸ್ಥೆ 1944ರಿಂದ ಇದೇ ಕೆಲಸ ಮಾಡುತ್ತಿದೆ. ಅವರ ನಿಯಮ ನನಗೆ ತುಂಬಾ ಹಿಡಿಸಿತು. ಹಸು ಪಡೆದ ಮನೆಯವರು ಅದರ ಮೊದಲ ಹೆಣ್ಣು ಕರುವನ್ನು ಇನ್ನೊಂದು ಬಡ ಮನೆಗೆ ಕೊಡಬೇಕು. ಹೀಗೆ ಪಡೆದವರೇ ಕೊಡುವವರೂ ಆಗುತ್ತಾರೆ. ತಲೆತಗ್ಗಿಸಿ ಇಸ್ಕೊಳ್ಳೋದು ಅಂತ ಇರಲ್ಲ.

ಕೊಥ್ರೂಡ್ ಪಶುವೈದ್ಯೆ

ಟೀಚರ್, ನೀವು ಹೇಳಿದ ನಿಯಮ ನನಗೂ ಇಷ್ಟ. ಆದರೆ ಹಸು ಬೇಡ. ಕಾರಣ ಹೇಳುತ್ತೇನೆ.

ಒಂದು ಮಿಶ್ರತಳಿ ಹಸುವಿಗೆ ಬೇಸಿಗೆಯಲ್ಲಿ ದಿನಕ್ಕೆ 60–80 ಲೀಟರ್ ನೀರು ಬೇಕು. ಹಸಿ ಮೇವು, ಒಣ ಮೇವು, ಹಿಂಡಿ ಬೇರೆ. ಮನುಷ್ಯರಿಗೇ ಟ್ಯಾಂಕರ್ ನೀರು ಬರುವ ಊರಲ್ಲಿ ಆ ನೀರು ಯಾರು ಹೊರುತ್ತಾರೆ? ಮನೆಯ ಹೆಂಗಸರು. 2006ರ ಪ್ರಧಾನಿ ಪ್ಯಾಕೇಜಿನಲ್ಲಿ ವಿದರ್ಭದ ರೈತರಿಗೆ ಸಬ್ಸಿಡಿಯಲ್ಲಿ ಜಾಸ್ತಿ ಹಾಲು ಕೊಡುವ ಹಸುಗಳನ್ನು ಕೊಟ್ಟರು. ಮೇವು, ನೀರು ಒದಗಿಸಲಾಗದೆ ಅವು ಮನೆಗೆ ಹೊರೆಯಾದವು, ಎಷ್ಟೋ ಜನ ಮಾರಿದರು. ಪತ್ರಕರ್ತ ಪಿ. ಸಾಯಿನಾಥ್ ಆಗಲೇ ಅದನ್ನು ವಿವರವಾಗಿ ಬರೆದಿದ್ದರು. ಕೊಟ್ಟವರ ಉದ್ದೇಶ ಒಳ್ಳೆಯದೇ. ಪಡೆದವರ ಅಂಗಳ ಹೇಗಿದೆ ಅಂತ ಮೊದಲು ನೋಡಬೇಕಿತ್ತು.

ಆ ಭಾಗಕ್ಕೆ ಹೊಂದುವುದು ಆಡು. ಉಸ್ಮಾನಾಬಾದಿ ತಳಿ ಮರಾಠವಾಡದ್ದು, ಗಡಿಯಾಚೆ ನಿಮ್ಮ ಕಡೆಯೂ ಸಾಕುತ್ತಾರೆ. ಕಪ್ಪು ಮೈ, ಗಟ್ಟಿ ಜೀವ, ಬಿಸಿಲು ತಡೆಯುತ್ತದೆ. ಐದು ತಿಂಗಳಿಗೆ ಈಯುತ್ತದೆ, ಬಹಳ ಸಲ ಅವಳಿ ಮರಿ. ಹೊಲ ಇಲ್ಲದವರೂ ಸಾಕಬಹುದು. ದವಾಖಾನೆಗೆ ದುಡ್ಡು ಬೇಕಾದಾಗ ಒಂದು ಹೋತ ಮಾರಿದರೆ ಆಯಿತು, ಬಡ್ಡಿ ಸಾಲ ತಪ್ಪುತ್ತದೆ.

ಆದರೆ ಆಡು ಹಂಚಿ ಬಂದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ಪಿಪಿಆರ್ ರೋಗ ಬಂದರೆ ಒಂದೇ ವಾರದಲ್ಲಿ ಓಣಿಯ ಆಡೆಲ್ಲ ಹೋಗುತ್ತವೆ. ಮೂಗು, ಕಣ್ಣು ಸೋರುತ್ತವೆ, ಬಾಯಿ ಹುಣ್ಣು, ಆಮೇಲೆ ಭೇದಿ. ಇದಕ್ಕೆ ಲಸಿಕೆ ಇದೆ. ಮರಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಚಿಂತೆ ಇಲ್ಲ. ಲಸಿಕೆಯನ್ನು ಸರ್ಕಾರವೇ ಕೊಡುತ್ತದೆ. ತೊಡಕು ಇರೋದು ಬೇರೆ ಕಡೆ. ಅದು ಪುಡಿ ರೂಪದಲ್ಲಿ ಶೀಷೆಯಲ್ಲಿ ಬರುತ್ತದೆ, ಐಸ್ ಡಬ್ಬಿಯಲ್ಲೇ ಇರಬೇಕು. ದ್ರಾವಣ ಬೆರೆಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಒಂದು ಶೀಷೆಯಲ್ಲಿ ಬಹಳ ಡೋಸ್ ಇರುತ್ತವೆ. ಅಂದರೆ ಇಲಾಖೆಯವರು ಬರುವ ಹೊತ್ತಿಗೆ ಊರಿನ ಆಡೆಲ್ಲ ಒಂದು ಕಡೆ ಸೇರಿರಬೇಕು. ಬೆಳಿಗ್ಗೆ 9ಕ್ಕೆ ಅವು ಗುಡ್ಡಕ್ಕೆ ಹೋಗಿದ್ದರೆ ಶೀಷೆ ಹಾಳು, ಬಂದವರು ವಾಪಸ್.

ಇದಕ್ಕೆ ಬೇಕಾಗಿರೋದು ಊರಿನವಳೇ ಒಬ್ಬ ಹೆಣ್ಣುಮಗಳು. ಪಶುಸಖಿ ಅನ್ನುತ್ತಾರೆ. ಯಾವ ಮನೆಯಲ್ಲಿ ಎಷ್ಟು ಮರಿ, ಯಾವ ತಿಂಗಳು ಯಾವ ಲಸಿಕೆ, ಜಂತಿನ ಔಷಧಿ ಯಾವಾಗ, ಎಲ್ಲ ಪುಸ್ತಕದಲ್ಲಿ ಬರೆದಿಟ್ಟು ಹಿಂದಿನ ರಾತ್ರಿಯೇ ಮನೆಮನೆಗೆ ಹೇಳುವವಳು. ಅವಳಿಗೆ ಗೌರವಧನ ಕೊಡಲು ದಾನಿಗಳು ಮುಂದೆ ಬರೋದಿಲ್ಲ, ಯಾಕೆಂದರೆ ಅದು ಫೋಟೊದಲ್ಲಿ ಕಾಣೋದಿಲ್ಲ. ನನ್ನನ್ನು ಕೇಳಿದರೆ ಮೊದಲ ದುಡ್ಡು ಅವಳಿಗೆ ಇಡಿ.

ವಾಸ್ಕೊ ಬಾದಾಮಿ

ಬೋರ್ ಬಗ್ಗೆ ನಾನು ಹೇಳುತ್ತೇನೆ. ನಮ್ಮದು ಬಾದಾಮಿ ತಾಲ್ಲೂಕು, ಈಗ ಇರೋದು ವಾಸ್ಕೊದಲ್ಲಿ. ಇಲ್ಲಿ ಝುವಾರಿನಗರದ ಗಲ್ಲಿಗಳಲ್ಲಿ ಬಾಗಲಕೋಟಿ, ಗದಗ, ಕೊಪ್ಪಳದವರು ಎಷ್ಟು ಜನ ಇದ್ದಾರೆ ಅಂತ ಬಂದು ನೋಡಿ. ಪ್ರತಿ ಮನೆಯಲ್ಲೂ ಒಂದು ಬೋರಿನ ಕಥೆ ಇದೆ.

ನಮ್ಮಪ್ಪ ಒಂದಾದ ಮೇಲೊಂದು ಬೋರ್ ಹಾಕಿಸಿದರು. ಮೊದಲನೆಯದರಲ್ಲಿ ಎರಡು ವರ್ಷ ನೀರು ಬಂತು. ಬಾಜು ಹೊಲದವರು ಇನ್ನೂ ಆಳಕ್ಕೆ ಹಾಕಿಸಿದ ಮೇಲೆ ನಮ್ಮದು ನಿಂತಿತು. ಅಪ್ಪ ಮತ್ತೂ ಆಳಕ್ಕೆ ಹೋದರು. ಸಾಲ ನೂರಕ್ಕೆ 5 ರೂಪಾಯಿ ಬಡ್ಡಿ, ಅಂದರೆ ತಿಂಗಳಿಗೆ. ವರ್ಷಕ್ಕೆ ಲೆಕ್ಕ ಹಾಕಿದರೆ ಶೇ. 60. ಯಾವ ಬೆಳೆಯೂ ಅಷ್ಟು ಕೊಡುವುದಿಲ್ಲ. ಕೊನೆಗೆ ಹೊಲ ಲಾವಣಿಗೆ (ಗುತ್ತಿಗೆಗೆ) ಕೊಟ್ಟು ಎಲ್ಲರೂ ಗೋವಾಕ್ಕೆ ಬಂದೆವು.

ಊರಿನ ನೀರು ನೆಲದಡಿ ಒಂದೇ. ಒಬ್ಬರಿಗೆ ಬೋರ್ ದಾನ ಕೊಟ್ಟರೆ ಆಚೆ ಮನೆಯವರ ಬಾವಿಯಿಂದ ತೆಗೆದು ಕೊಟ್ಟ ಹಾಗೆ. ದಯವಿಟ್ಟು ಅದಕ್ಕೆ ದುಡ್ಡು ಹಾಕಬೇಡಿ.

ಸಾಸವಡ್ ರಸ್ತೆ ಇಂಜಿನಿಯರ್

ವಾಸ್ಕೊ ಅಣ್ಣನ ಮಾತು ಓದಿ ಬರೆಯಲೇಬೇಕು ಅನಿಸಿತು.

ಹಡಪಸರ್‌ನವರೇ, ನಿಮ್ಮ ಮನೆಯಿಂದ ದಿವೆ ಘಾಟ್ ಹತ್ತಿ ಇಳಿದರೆ ಪುರಂದರ ತಾಲ್ಲೂಕು. ಅಲ್ಲಿ ನಾಯಗಾಂವ್ ಅಂತ ಒಂದು ಹಳ್ಳಿ. 1972ರ ದೊಡ್ಡ ಬರದಲ್ಲಿ ವಿಲಾಸರಾವ್ ಸಾಳುಂಖೆ ಅನ್ನುವ ಪುಣೆಯ ಉದ್ಯಮಿ ಆ ಭಾಗದಲ್ಲಿ ಓಡಾಡಿದರು. ಇಂಜಿನಿಯರ್ ಅವರು, ಸ್ವಂತ ಕಾರ್ಖಾನೆ ಇತ್ತು. ಬರಗಾಲದ ಕಾಮಗಾರಿಯಲ್ಲಿ ಜನ ಕಲ್ಲು ಒಡೆಯುವುದು ನೋಡಿ, ಇದರಿಂದ ಮುಂದಿನ ಬರ ತಪ್ಪುವುದಿಲ್ಲ ಅಂತ ಅವರಿಗೆ ಅನಿಸಿತು. ನಾಯಗಾಂವ್‌ನಲ್ಲಿ ದೇವಸ್ಥಾನದ 40 ಎಕರೆ ಬರಡು ಗುಡ್ಡ ಗುತ್ತಿಗೆಗೆ ಪಡೆದು, ಒಡ್ಡು ಹಾಕಿ, ಇಳಿಜಾರಿನ ನೀರು ನಿಲ್ಲಿಸಿ, ಅಲ್ಲೇ ಬೆಳೆ ತೆಗೆದು ತೋರಿಸಿದರು.

ನೀರು ನಿಲ್ಲಿಸೋದು ಬಹಳ ಜನ ಮಾಡಿದ್ದಾರೆ. ಅವರು ಅದರಾಚೆ ಹೋಗಿ ನೀರಿನ ಹಂಚಿಕೆಗೆ ಕಟ್ಟಳೆ ಮಾಡಿದರು. ಅದೇ ಪಾಣಿ ಪಂಚಾಯತ್. ನೀರಿನ ಹಕ್ಕು ಹೊಲದ ಎಕರೆ ಲೆಕ್ಕದಲ್ಲಿ ಅಲ್ಲ, ಮನೆಯ ತಲೆ ಲೆಕ್ಕದಲ್ಲಿ. ಒಬ್ಬರಿಗೆ ಅರ್ಧ ಎಕರೆಗೆ ಆಗುವಷ್ಟು, ಒಂದು ಮನೆಗೆ ಹೆಚ್ಚೆಂದರೆ ಎರಡೂವರೆ ಎಕರೆಗೆ. ಹೊಲ ಇಲ್ಲದವರಿಗೂ ನೀರಿನ ಪಾಲು ಇದೆ. ಕಬ್ಬು ಹಾಕುವ ಹಾಗಿಲ್ಲ. ಯೋಜನೆಯ ಖರ್ಚಿನಲ್ಲಿ ಶೇ. 20 ರೈತರೇ ಹಾಕಬೇಕು. ಹೊಲ ಮಾರಿದರೆ ನೀರಿನ ಹಕ್ಕು ಅದರ ಜೊತೆ ಹೋಗುವುದಿಲ್ಲ.

ಈ ಕಟ್ಟಳೆಗಳನ್ನು ಒಂದು ಸಲ ನಿಧಾನವಾಗಿ ಓದಿ. ಬಡವನ ಪಾಲು ಬಲವಂತನಿಗೆ ಹೋಗದ ಹಾಗೆ ಬೇಲಿ ಹಾಕಿದ್ದಾರೆ. ದಾನ ಕೊಟ್ಟ ದುಡ್ಡು ಊರಿನ ದೊಡ್ಡ ಹೊಲದವರ ಕಡೆಗೇ ಹರಿಯೋದು ನಮ್ಮ ದೇಶದ ಎಲ್ಲ ಹಳ್ಳಿಯಲ್ಲೂ ಇದೆ. ಕೃಷಿ ಹೊಂಡ ತೋಡಿಸಿ ಅಂದರೆ ಮೊದಲು ತೋಡುವವರು ಜಾಗ ಬಿಟ್ಟುಕೊಡಲು ಆಗುವವರು. ಎರಡು ಎಕರೆಯವನು ಹೊಂಡಕ್ಕೆ ಎಲ್ಲಿಂದ ಜಾಗ ಬಿಡುತ್ತಾನೆ?

ಅಹ್ಮದ್‌ನಗರ (ಈಗ ಅಹಿಲ್ಯಾನಗರ) ಜಿಲ್ಲೆಯ ಹಿವರೆ ಬಾಜಾರ್ ಹೆಸರು ಎಲ್ಲರೂ ಕೇಳಿದ್ದೀರಿ. ಪೋಪಟರಾವ್ ಪವಾರ್ ಸರಪಂಚರಾದ ಮೇಲೆ ಅಲ್ಲಿ ಒಡ್ಡು, ಕಂದಕ ಆದವು ನಿಜ. ಆದರೆ ಊರು ಉಳಿದಿದ್ದು ಆಮೇಲಿನ ಶಿಸ್ತಿನಿಂದ. ಬೇಸಾಯಕ್ಕೆ ಬೋರ್ ಹಾಕುವ ಹಾಗಿಲ್ಲ. ಗುಡ್ಡದಲ್ಲಿ ದನ ಬಿಟ್ಟು ಮೇಯಿಸುವ ಹಾಗಿಲ್ಲ, ಹುಲ್ಲು ಕೊಯ್ದು ತರಬೇಕು. ಪ್ರತಿ ವರ್ಷ ಬಿದ್ದ ಮಳೆ ಅಳೆದು, ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಓದಿ, ಈ ಸಲ ಹಿಂಗಾರಿಗೆ ಏನು ಬಿತ್ತಬಹುದು ಅಂತ ತೀರ್ಮಾನ. ಮುಂಬಯಿ, ಪುಣೆಗೆ ಹೋಗಿದ್ದ ಮನೆಗಳು ವಾಪಸ್ ಬಂದವು.

ಇದರ ಉಲ್ಟಾ ಉದಾಹರಣೆಯೂ ಮಹಾರಾಷ್ಟ್ರದಲ್ಲೇ ಇದೆ. ಮರಾಠವಾಡದಲ್ಲಿ ಕೆಲವು ಕಡೆ ದೊಡ್ಡ ಪ್ಲಾಸ್ಟಿಕ್ ಹಾಸಿದ ಹೊಂಡ ತೋಡಿ, ಮಳೆ ನೀರಿನ ಬದಲು ಬಾವಿ, ಬೋರಿನ ನೀರನ್ನೇ ಎತ್ತಿ ತುಂಬುತ್ತಾರೆ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಆವಿಯಾಗಿ ಹೋಗುತ್ತದೆ. ಎಲ್ಲರ ಪಾಲಿನ ನೀರು ಒಬ್ಬರ ಹೊಂಡದಲ್ಲಿ ಬಿಸಿಲಿಗೆ ಒಣಗುತ್ತದೆ.

ಪಣಜಿ ವಾಸಿ

ಎಲ್ಲ ಚೆನ್ನಾಗಿದೆ. ಆದರೆ ಸಾಳುಂಖೆ ಅವರು ಇಡೀ ಜೀವನ ಕೊಟ್ಟರು. ನಾವು ಕೊಡುತ್ತಿರೋದು ನಾಲ್ಕು ಲಕ್ಷ ಮಾತ್ರ. ಊರಿನ ಕಮಿಟಿ ಕೈಗೆ ಕೊಟ್ಟರೆ ಆ ದುಡ್ಡು ಎಲ್ಲಿ ಹೋಯಿತು ಅಂತ ಯಾರನ್ನು ಕೇಳೋದು? ಕಿಟ್ ಆದರೆ ಕಣ್ಣೆದುರು ಕೈಗೆ ಸೇರುತ್ತದೆ. ಸದಸ್ಯರ ಬೆವರಿನ ದುಡ್ಡು ಇದು.

ಮಾಟುಂಗಾ ನಿವೃತ್ತ ಬ್ಯಾಂಕ್

ಪಣಜಿಯವರು ಕೇಳಿದ್ದು ಸರಿಯಾದ ಪ್ರಶ್ನೆ. ಇಷ್ಟು ವರ್ಷ ಗ್ರಾಮೀಣ ಶಾಖೆಗಳಲ್ಲಿ ಕೆಲಸ ಮಾಡಿದವನಾಗಿ ಉತ್ತರ ಕೊಡುತ್ತೇನೆ. ಕಮಿಟಿ ಕೈಗೆ ಕೊಡಬೇಡಿ. ಹೆಣ್ಣುಮಕ್ಕಳ ಸಂಘಕ್ಕೆ ಕೊಡಿ. ಅದೂ ಹಂಚಿ ಮುಗಿಸುವ ದುಡ್ಡಾಗಿ ಅಲ್ಲ, ಸುತ್ತುವ ನಿಧಿಯಾಗಿ.

ಇದು ನಮ್ಮ ಕರ್ನಾಟಕದಲ್ಲೇ ಬೆಳೆದ ವಿಚಾರ. ಮೈರಾಡ ಅನ್ನುವ ಸಂಸ್ಥೆ 1968ರಲ್ಲಿ ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆ ಅಂತ ಶುರುವಾಗಿದ್ದು. 80ರ ದಶಕದಲ್ಲಿ ಅವರು ಕೆಲಸ ಮಾಡುವ ಹಳ್ಳಿಗಳಲ್ಲಿ ದೊಡ್ಡ ಸಹಕಾರಿ ಸಂಘಗಳು ಮುರಿದು ಬಿದ್ದವು. ಆಗ ಪರಸ್ಪರ ನಂಬಿಕೆ ಇರುವ ಹತ್ತು ಹದಿನೈದು ಜನ ತಾವಾಗಿಯೇ ಸೇರಿ ಉಳಿತಾಯ ಶುರು ಮಾಡಿದರು. 1987ರಲ್ಲಿ ನಬಾರ್ಡ್, ಅಂದರೆ ಕೃಷಿ ಮತ್ತು ಗ್ರಾಮೀಣ ಅಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್, ಮೈರಾಡಕ್ಕೆ 10 ಲಕ್ಷ ರೂಪಾಯಿ ಅನುದಾನ ಕೊಟ್ಟಿತು. ಗುಂಪು ಎಷ್ಟು ಉಳಿಸಿದೆಯೋ ಅದಕ್ಕೆ ಜೋಡಿಯಾಗಿ ಕೊಡಿ ಅಂತ. ಹೇಗೆ ಖರ್ಚು ಮಾಡಬೇಕು ಅಂತ ಗುಂಪೇ ತೀರ್ಮಾನಿಸಬೇಕು. ಅದರ ಅನುಭವದ ಮೇಲೆ 1992ರಲ್ಲಿ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಶುರು ಮಾಡಿತು. ಇವತ್ತು ದೇಶದ ಮೂಲೆಮೂಲೆಯಲ್ಲಿ ಇರುವ ಸ್ವಸಹಾಯ ಸಂಘಗಳಿಗೆ ದಾರಿ ಆಗಿದ್ದು ಇದೇ.

ಸಭೆ ಹೇಗೆ ನಡೆಯುತ್ತದೆ ಅಂತ ನೋಡದವರಿಗೆ ಹೇಳುತ್ತೇನೆ. ಯಾರದೋ ಮನೆಯ ಪಡಸಾಲೆ. ಚಾಪೆ ಮೇಲೆ ಸುತ್ತ ಕೂತಿರುತ್ತಾರೆ. ನಡುವೆ ತಗಡಿನ ಪೆಟ್ಟಿಗೆ, ನಡಾವಳಿ ಪುಸ್ತಕ. ಮೊದಲು ಎಲ್ಲರೂ ಆ ವಾರದ ಉಳಿತಾಯ ಇಡುತ್ತಾರೆ. ಆಮೇಲೆ ಕಂತು. ಒಬ್ಬಾಕೆ ಕಂತು ತಂದಿಲ್ಲ ಅಂದರೆ ಮಾತು ನಿಲ್ಲುತ್ತದೆ. ಗಂಡನಿಗೆ ಜ್ವರ ಅಂತಾಳೆ. ಹೌದು, ದವಾಖಾನೆಗೆ ಹೋಗಿದ್ದು ನಾನೇ ನೋಡಿದೆ ಅಂತ ಇನ್ನೊಬ್ಬಾಕೆ ಹೇಳುತ್ತಾಳೆ. ಮುಂದಿನ ವಾರ ಎರಡೂ ಕೊಡು ಅಂತ ತೀರ್ಮಾನ, ಪುಸ್ತಕದಲ್ಲಿ ದಾಖಲೆ. ಬ್ಯಾಂಕ್ ಮ್ಯಾನೇಜರ್ ಆಗಿ ನನಗೆ ಯಾರ ಮನೆಯ ಜ್ವರ ನಿಜ, ಯಾರದು ಸುಳ್ಳು ಅಂತ ಎಂದೂ ಗೊತ್ತಾಗುತ್ತಿರಲಿಲ್ಲ. ಅವರಿಗೆ ಗೊತ್ತು. ಪಣಜಿಯವರೇ, ಲೆಕ್ಕ ಕೇಳುವವರು ಊರಲ್ಲೇ ಇರುತ್ತಾರೆ.

ಬಡ್ಡಿ ಸಾಮಾನ್ಯವಾಗಿ ತಿಂಗಳಿಗೆ ನೂರಕ್ಕೆ 1 ಅಥವಾ 2 ರೂಪಾಯಿ ಇಡುತ್ತಾರೆ. ಅದೂ ಕಮ್ಮಿ ಏನಲ್ಲ. ಆದರೆ ಆ ಬಡ್ಡಿ ಸಾಹುಕಾರನ ಮನೆಗೆ ಹೋಗದೆ ಸಂಘದಲ್ಲೇ ಉಳಿಯುತ್ತದೆ.

ಈಗ ನಿಮ್ಮ ದುಡ್ಡಿನ ಲೆಕ್ಕ ನೋಡಿ. ಎರಡೂವರೆ ಲಕ್ಷ ಕಿಟ್‌ಗೆ ಹಾಕಿದರೆ ಒಂದು ತಿಂಗಳ ಅಡುಗೆ. ಅದೇ ಎರಡೂವರೆ ಲಕ್ಷದಲ್ಲಿ ತಲಾ 10,000 ಅಂದರೆ 25 ಮನೆಗೆ ಸಾಲ. ಹತ್ತು ತಿಂಗಳಲ್ಲಿ ತಿರುಗಿ ಬಂದರೆ ಇನ್ನೊಂದು 25 ಮನೆ. ಐದು ವರ್ಷದಲ್ಲಿ ಅದೇ ದುಡ್ಡು ಊರಿನ ಬಡ ಮನೆಗಳನ್ನೆಲ್ಲ ಸುತ್ತಿ ಬರುತ್ತದೆ. ಟೀಚರ್ ಹೇಳಿದ ಕರುವಿನ ನಿಯಮ ಇದೇ ಅಲ್ವಾ?

ಓದುಬರಹ ಇಲ್ಲದ ಹೆಂಗಸರು ಲೆಕ್ಕ ಹೇಗೆ ಇಡುತ್ತಾರೆ ಅಂತ ಕೆಲವರು ಕೇಳುತ್ತಾರೆ. ಸಾತಾರಾ ಜಿಲ್ಲೆಯ ಮ್ಹಸವಡ್‌ನಲ್ಲಿ ಚೇತನಾ ಗಾಲಾ ಸಿನ್ಹಾ ಮಾಣದೇಶಿ ಮಹಿಳಾ ಬ್ಯಾಂಕ್ ಶುರು ಮಾಡಲು ಹೊರಟಾಗ, ಸದಸ್ಯೆಯರಿಗೆ ಓದಲು ಬಾರದು ಅಂತ ರಿಸರ್ವ್ ಬ್ಯಾಂಕ್ ಮೊದಲು ಲೈಸೆನ್ಸ್ ಕೊಡಲಿಲ್ಲ. ಆ ಹೆಂಗಸರು ಅಕ್ಷರ ಕಲಿತು ಮತ್ತೆ ಹೋದರು. ನಿಮ್ಮ ಅಧಿಕಾರಿಗಳ ಜೊತೆ ನಾವು ಬಡ್ಡಿ ಲೆಕ್ಕ ಬಾಯಲ್ಲೇ ಮಾಡಿ ತೋರಿಸುತ್ತೇವೆ ಅಂದರು. 1997ರಲ್ಲಿ ಬ್ಯಾಂಕ್ ಶುರುವಾಯಿತು. ಇವತ್ತಿಗೂ ನಡೆಯುತ್ತಿದೆ.

ಇಂಡಿ ಅಕ್ಕ

ನಮಸ್ಕಾರ ರೀ ಎಲ್ಲರಿಗೂ. ನನ್ನ ತಮ್ಮ ಪುಣೆಯಲ್ಲಿ ಸೆಂಟ್ರಿಂಗ್ ಕೆಲಸ ಮಾಡುತ್ತಾನೆ, ಅವನು ಈ ಚರ್ಚೆ ತೋರಿಸಿದ. ನೀವು ಮಾತಾಡುತ್ತಿರುವ ಊರಿನ ಬಾಜು ಊರು ನಮ್ಮದು. ನಮ್ಮ ಸುತ್ತಿನ ಹೆಣ್ಣುಮಕ್ಕಳ ಸಂಘಗಳು ಸೇರಿದ ಸಂಜೀವಿನಿ ಒಕ್ಕೂಟದಲ್ಲಿ ನಾನು ಲೆಕ್ಕದ ಪುಸ್ತಕ ಬರೆಯುತ್ತೇನೆ.

ಮೊದಲು ಒಂದು ಮಾತು. ನಮ್ಮಲ್ಲಿ ಎಲ್ಲರ ಕಷ್ಟ ಒಂದೇ ಅಲ್ಲ. ನಿಂಬೆ ತೋಟ ಇದ್ದವರದು ಒಂದು ಕಷ್ಟ. ಬೇಸಿಗೆಯಲ್ಲಿ ಗಿಡ ಉಳಿಸಲಿಕ್ಕೆ ಟ್ಯಾಂಕರ್ ನೀರು ಕೊಂಡು ಹಾಕಿದ ವರ್ಷ ಇವೆ. ಎರಡು ಎಕರೆ ಎರಿ ಹೊಲದವರದು ಬೇರೆ. ಅವರದು ತೊಗರಿ, ಬಿಳಿಜೋಳ, ಕಡಲಿ, ಎಲ್ಲ ಮಳೆ ಮೇಲೆ. ಹೊಲ ಇಲ್ಲದವರದು ಮತ್ತೂ ಬೇರೆ. ಪುಣೆ ಶೆಡ್ಡಿಗೆ ಬರುವವರು ಎರಡನೇದವರು, ಮೂರನೇದವರು. ದುಡ್ಡು ಅವರಿಗೆ ಮುಟ್ಟಬೇಕು.

ಅವರು ಊರು ಬಿಡುವುದು ಯಾವಾಗ ನಿರ್ಧಾರ ಆಗುತ್ತದೆ ಗೊತ್ತಾ? ನೀವೆಲ್ಲ ದೀಪಾವಳಿ ಅಂತೀರಿ. ಅಲ್ಲ ರೀ, ಜೂನ್ ತಿಂಗಳಲ್ಲೇ. ರೋಹಿಣಿ, ಮೃಗಶಿರ ಮಳೆ ಬಿದ್ದ ಕೂಡಲೇ ಬೀಜ, ಗೊಬ್ಬರ ಬೇಕು. ಕೈಯಲ್ಲಿ ದುಡ್ಡಿಲ್ಲ. ಆಗ ಗುತ್ತೇದಾರನ ಕಡೆಯವರು ಬಂದು ಮುಂಗಡ ಕೊಡುತ್ತಾರೆ. ಹದಿನೈದು, ಇಪ್ಪತ್ತು ಸಾವಿರ. ಅದನ್ನು ಇಸ್ಕೊಂಡ ಮೇಲೆ ಬೆಳೆ ಬರಲಿ ಬಿಡಲಿ, ಕೆಲಸಕ್ಕೆ ಹೋಗಲೇಬೇಕು. ಆ ಜೂನ್ ತಿಂಗಳ ದುಡ್ಡು ಸಂಘದಲ್ಲೇ ಸಿಕ್ಕರೆ ಮುಂಗಡ ತೆಗೆದುಕೊಳ್ಳೋದಿಲ್ಲ. ಬೇಕಾದರೆ ಹೋಗುತ್ತಾರೆ, ಬೇಡವಾದರೆ ಇಲ್ಲ. ಮನಸ್ಸು ಅವರದಾಗುತ್ತದೆ.

ಬ್ಯಾಂಕಿನ ಸರ್ ಹೇಳಿದ ಹತ್ತು ತಿಂಗಳ ಕಂತು ನಮಗೆ ಹೊಂದುವುದಿಲ್ಲ. ಜೂನ್‌ನಲ್ಲಿ ಕೊಟ್ಟು ಜುಲೈನಲ್ಲಿ ಕಂತು ಕೇಳಿದರೆ ಎಲ್ಲಿಂದ ತರೋದು? ತೊಗರಿ ಬರೋದು ಡಿಸೆಂಬರ್, ಜನವರಿಗೆ. ಸುಗ್ಗಿ ಆದ ಮೇಲೆ ಎರಡು ಕಂತಿನಲ್ಲಿ ಕೊಡುತ್ತೇವೆ. ಆಡು ತಗೊಂಡವರು ಮರಿ ಮಾರಿದ ಮೇಲೆ ಕೊಡುತ್ತಾರೆ.

ಡಾಕ್ಟರ್ ಅಕ್ಕಾ, ಆಡಿನ ವಿಷಯ ನೀವು ಹೇಳಿದ್ದು ಪೂರಾ ಖರೆ. ನಮ್ಮಲ್ಲಿ ಆಡು ಪಾಲಿಗೆ ಸಾಕುವ ಪದ್ಧತಿ ಮೊದಲಿಂದ ಇದೆ. ಒಬ್ಬರು ಆಡು ಕೊಡುತ್ತಾರೆ, ಇನ್ನೊಬ್ಬರು ಮೇಯಿಸುತ್ತಾರೆ, ಮರಿ ಅರ್ಧ ಅರ್ಧ. ಆದ್ದರಿಂದ ಮರಿ ವಾಪಸ್ ಕೊಡುವ ನಿಯಮ ಯಾರಿಗೂ ಹೊಸದಲ್ಲ. ಆದರೆ ಆಡು ನೀವು ಕೊಂಡು ತರಬೇಡಿ. ಹೊರಗಿನವರು ಸಂತೆಗೆ ಬಂದರೆ ರೇಟು ಏರುತ್ತದೆ, ಮುದಿ ಆಡು ಕಟ್ಟುತ್ತಾರೆ. ಹಲ್ಲು ನೋಡಿ, ಕೆಚ್ಚಲು ನೋಡಿ, ನಾವೇ ಆರಿಸುತ್ತೇವೆ.

ವಾಶಿ ಮಾರ್ಕೆಟ್

ಅಕ್ಕ ಹೇಳಿದ ನಿಂಬೆ ಬಗ್ಗೆ ಒಂದು ಮಾತು. ಇಂಡಿ ನಿಂಬೆಗೆ ಜಿಐ ಟ್ಯಾಗ್ (ಆ ಊರಿನ ಮಾಲು ಅನ್ನುವ ಅಧಿಕೃತ ಗುರುತು) ಸಿಕ್ಕಿದೆ, ಮಾಲು ಒಳ್ಳೆಯದು. ಆದರೆ ಮಳೆಗಾಲದಲ್ಲಿ ಎಲ್ಲ ಕಡೆಯಿಂದ ಒಟ್ಟಿಗೆ ಬಂದು ರೇಟು ನೆಲ ಕಚ್ಚುತ್ತದೆ. ದುಡ್ಡು ಇರೋದು ಮಾರ್ಚ್‌ನಿಂದ ಮೇ ತನಕ. ಆಗ ಕಾಯಿ ಬರಬೇಕು ಅಂದರೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಹೂ ಹಿಡಿಸಬೇಕು. ನಮ್ಮಲ್ಲಿ ಹಸ್ತ ಬಹಾರ ಅನ್ನುತ್ತಾರೆ. ಅದಕ್ಕೆ ಬೇಸಿಗೆಯಲ್ಲಿ ಸ್ವಲ್ಪ ನೀರು ಇರಲೇಬೇಕು.

ಆದ್ದರಿಂದ ತೋಟದವರಿಗೆ ಹೊಂಡ ನಿಜವಾಗಿ ಉಪಯೋಗ. ಎರಿ ಮಣ್ಣು ನೀರು ಹಿಡಿಯುತ್ತದೆ, ಪ್ಲಾಸ್ಟಿಕ್ ಬೇಡ. 21 ಮೀಟರ್ ಉದ್ದ, 21 ಅಗಲ, 3 ಆಳ ತೆಗೆದರೆ ಇಳಿಜಾರು ಬಿಟ್ಟು ಸುಮಾರು 10 ಲಕ್ಷ ಲೀಟರ್ ನಿಲ್ಲುತ್ತದೆ. ಆದರೆ ಅದಕ್ಕೆ ನಿಮ್ಮ ದಾನದ ದುಡ್ಡು ಹಾಕಬೇಡಿ. ತೋಟದವರಿಗೆ ಬ್ಯಾಂಕ್ ಸಾಲ ಸಿಗುತ್ತದೆ, ಕೃಷಿ ಭಾಗ್ಯದಂಥ ಯೋಜನೆ ಇವೆ.

ಸಾಸವಡ್ ರಸ್ತೆ ಇಂಜಿನಿಯರ್

ಒಪ್ಪುತ್ತೇನೆ. ಎರಡು ಎಕರೆಯವರಿಗೆ ಹೊಂಡಕ್ಕಿಂತ ಹೊಲದಲ್ಲೇ ಮಳೆ ಇಂಗಿಸೋದು ಮೇಲು. ಒಂದು ಎಕರೆ ಮೇಲೆ 600 ಮಿ.ಮೀ. ಮಳೆ ಬಿದ್ದರೆ 24 ಲಕ್ಷ ಲೀಟರ್ ನೀರು. ಅದು ಓಡಿಹೋಗದ ಹಾಗೆ ನೋಡಿಕೊಂಡರೆ ಅದೇ ದೊಡ್ಡ ಹೊಂಡ. ಹಿಂಗಾರಿ ಜೋಳದ ಹೊಲದಲ್ಲಿ ಜೂನ್, ಜುಲೈನಲ್ಲಿ ಚೌಕುಮಡಿ (ಸಣ್ಣ ಬದುಗಳ ಚೌಕಗಳು) ಹಾಕಬಹುದು. ಇದಕ್ಕೆ ಎತ್ತು, ಕುಂಟೆ ಸಾಕು, ಯಂತ್ರ ಬೇಡ. ಒಡ್ಡು ಎಲ್ಲಿ ಹಾಕಬೇಕು ಅಂತ ಮಟ್ಟ ಗುರುತು ಮಾಡುವವರು ಮಾತ್ರ ಬೇಕು. ಮಟ್ಟ ತಪ್ಪಿದರೆ ಮೊದಲ ದೊಡ್ಡ ಮಳೆಗೇ ಒಡ್ಡು ಒಡೆಯುತ್ತದೆ, ಕೆಳಗಿನ ಹೊಲವೂ ಕೊಚ್ಚಿಹೋಗುತ್ತದೆ. ಮೇಲಿನ ಹೊಲದಿಂದ ಶುರು ಮಾಡಿ ಕೆಳಗೆ ಬರಬೇಕು. ಮಟ್ಟದ ಕೆಲಸಕ್ಕೆ ನಾನು ಬರುತ್ತೇನೆ. ನನ್ನದೇ ಉಪಕರಣ ಇದೆ, ಖರ್ಚು ಬೇಡ.

ಠಾಣೆ ಲೆಕ್ಕಿಗ

ಕಾಗದದ ವಿಷಯ ಬೇಗ ಹೇಳಿಬಿಡುತ್ತೇನೆ. ಒಕ್ಕೂಟಕ್ಕೆ ನೇರವಾಗಿ ಕೊಟ್ಟರೆ ಸದಸ್ಯರಿಗೆ ದಾನದ ಮೇಲಿನ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ. ಆ ವಿನಾಯಿತಿಗೆ ನೋಂದಣಿ ಇರುವ ಟ್ರಸ್ಟ್ ಮೂಲಕ ಕೊಟ್ಟರೆ ಮಾತ್ರ ಸಿಗುತ್ತದೆ. ಅವರು ದಾನದ ಪ್ರಮಾಣಪತ್ರ ಕೊಡಬೇಕು. ನಗದು 2,000 ರೂಪಾಯಿ ದಾಟಿದರೆ ಇಲ್ಲ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೂ ಇಲ್ಲ. ನಿಮ್ಮ ಬಳಗ ಮಹಾರಾಷ್ಟ್ರದಲ್ಲಿ ಸಾರ್ವಜನಿಕ ಟ್ರಸ್ಟ್ ಆಗಿ ನೋಂದಣಿ ಆಗಿದ್ದರೆ, ರಾಜ್ಯದ ಹೊರಗೆ ಖರ್ಚು ಮಾಡಲು ಬೈಲಾದಲ್ಲಿ ಅವಕಾಶ ಇದೆಯಾ ನೋಡಿ.

ಮುಖ್ಯವಾದ ಮಾತು, ಬಳಗ ತಾನೇ ಸಾಲ ಕೊಡಬಾರದು, ಬಡ್ಡಿ ಪಡೆಯಬಾರದು. ಒಕ್ಕೂಟಕ್ಕೆ ದಾನವಾಗಿ ಕೊಡಿ. ಇದು ಬಡ ಮನೆಗಳ ಸುತ್ತುನಿಧಿ, ಬೇರೆ ಕೆಲಸಕ್ಕೆ ಬಳಸುವಂತಿಲ್ಲ ಅಂತ ಪತ್ರದಲ್ಲಿ ಬರೆಯಿಸಿ. ಖಾತೆ ಬೇರೆ ಇರಲಿ, ಚೆಕ್ಕಿಗೆ ಇಬ್ಬರ ಸಹಿ ಇರಲಿ.

ಪಣಜಿ ವಾಸಿ

ಬ್ಯಾಂಕಿನವರು, ಅಕ್ಕ ಹೇಳಿದ್ದು ಓದಿದ ಮೇಲೆ ನನಗೆ ಒಪ್ಪಿಗೆ ಇದೆ. ಒಂದೇ ಕೋರಿಕೆ. ವರ್ಷಕ್ಕೊಮ್ಮೆ ಒಕ್ಕೂಟದ ಪುಸ್ತಕದ ಆ ಪುಟಗಳ ನಕಲು ಎಲ್ಲರಿಗೂ ಸಿಗಲಿ. ಬರ ಬಿದ್ದು ಸಾಲ ವಾಪಸ್ ಬರದಿದ್ದರೆ ಹಾಗೇ ಬರೆಯಲಿ. ಮುಚ್ಚಿಡೋದು ಮಾತ್ರ ಬೇಡ. ಗೋವಾದಿಂದ ನಾವು ಕೆಲವರು ಸೇರಿ ಸ್ವಲ್ಪ ಸೇರಿಸುತ್ತೇವೆ.

ವಾಸ್ಕೊ ಬಾದಾಮಿ

ನಾನೂ ಸೇರಿಸುತ್ತೇನೆ. ಅಕ್ಕ ಹೇಳಿದ ಆ ಜೂನ್ ತಿಂಗಳ ಮುಂಗಡ ನಮ್ಮ ಮನೆಯಲ್ಲೂ ಬಂದಿತ್ತು. ಓದಿ ಸುಮ್ನೆ ಕೂರಲಾಗಲಿಲ್ಲ.

ಹಡಪಸರ್ ಕನ್ನಡಿಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ಬಳಗದ ಸಭೆಯಲ್ಲಿ ಈ ಚರ್ಚೆ ಓದಿ ಹೇಳಿದೆ. ಒಪ್ಪಿಗೆಯಾದದ್ದು ಇಷ್ಟು.

ಎರಡೂವರೆ ಲಕ್ಷ ಒಕ್ಕೂಟದ ಸುತ್ತುನಿಧಿಗೆ. ಹೊಲ ಇಲ್ಲದವರಿಗೆ, ಎರಡು ಎಕರೆ ಒಳಗಿನವರಿಗೆ ಮಾತ್ರ. ಬೀಜ, ಗೊಬ್ಬರಕ್ಕೆ ಜೂನ್‌ನಲ್ಲಿ ಸಾಲ, ಸುಗ್ಗಿ ಮೇಲೆ ವಾಪಸ್. ಆಡಿಗೆ ಬೇಕಾದವರು ಅದಕ್ಕೆ ತೆಗೆದುಕೊಳ್ಳಲಿ. ಪಶುಸಖಿಗೆ ತಿಂಗಳಿಗೆ 2,500ರಂತೆ ಮೂರು ವರ್ಷ, ಒಟ್ಟು 90,000. ಆಮೇಲೆ ಆಡು ಸಾಕುವವರೇ ತಲೆಗಿಷ್ಟು ಅಂತ ಅವಳಿಗೆ ಕೊಡುವ ಹಾಗೆ ಈಗಿನಿಂದಲೇ ರೂಢಿ ಮಾಡೋದು. ಅವಳ ತರಬೇತಿ, ಐಸ್ ಡಬ್ಬಿ, ತೂಕದ ತಕ್ಕಡಿ, ಔಷಧಿಗೆ 30,000. ಒಡ್ಡಿನ ಮಟ್ಟದ ಕೆಲಸಕ್ಕೆ ಊರಿನ ಹುಡುಗರ ಕೂಲಿ, ಕಲ್ಲು ಸಾಗಣೆಗೆ ಉಳಿದ 30,000. ಗೋವಾದ ದುಡ್ಡು ಸುತ್ತುನಿಧಿಗೆ ಸೇರುತ್ತದೆ. ನಮ್ಮ ಹೆಸರಿನ ಬೋರ್ಡ್ ಹಾಕಿಸುವ ಮಾತು ಸಭೆಯಲ್ಲಿ ಬಂತು, ಹಿರಿಯರೇ ಬೇಡ ಅಂದರು.

ಇಂಡಿ ಅಕ್ಕಾ, ಇದರಲ್ಲಿ ಏನಾದರೂ ಬದಲಿಸಬೇಕಾ?

ಇಂಡಿ ಅಕ್ಕ

ಎರಡು ಬದಲು ಮಾಡಿ ರೀ. ಎರಡು ಎಕರೆ ಅನ್ನೋದು ಕಾಗದದ ಲೆಕ್ಕ. ಉತಾರದಲ್ಲಿ (ಪಹಣಿಯಲ್ಲಿ) ಅಜ್ಜನ ಹೆಸರಿಗೆ ಎಂಟು ಎಕರೆ ಇರುತ್ತದೆ, ನಾಲ್ಕು ಮಂದಿ ಅಣ್ಣತಮ್ಮಂದಿರು ಹಂಚಿಕೊಂಡು ಉಣ್ಣುತ್ತಿರುತ್ತಾರೆ. ಯಾರು ಬಡವರು ಅಂತ ಸಂಘದ ಸಭೆಯಲ್ಲೇ ಹೆಸರು ಓದಿ ತೀರ್ಮಾನ ಮಾಡುತ್ತೇವೆ. ಇನ್ನೊಂದು, ಗಂಡ ತೀರಿಕೊಂಡ ಹೆಣ್ಣುಮಕ್ಕಳು ಕೆಲವರು ಯಾವ ಸಂಘದಲ್ಲೂ ಇಲ್ಲ, ವಾರದ ಉಳಿತಾಯ ಕಟ್ಟಲಿಕ್ಕೆ ಆಗದೆ ಬಿಟ್ಟವರು. ನಿಧಿಯಲ್ಲಿ ಅವರಿಗೂ ಪಾಲು ಇರಬೇಕು. ಅವರನ್ನು ಸಂಘಕ್ಕೆ ಸೇರಿಸೋ ಜವಾಬ್ದಾರಿ ನಮ್ಮದು.

ಸಭೆಗೆ ಬರುವವರು ರಾತ್ರಿ ಊಟದ ಮೇಲೆ ಬನ್ನಿ. ಹಗಲು ಎಲ್ಲರೂ ಕೂಲಿಗೆ ಹೋಗಿರುತ್ತಾರೆ.

ಕೊಥ್ರೂಡ್ ಪಶುವೈದ್ಯೆ

ನಾನು ಇಂಜಿನಿಯರ್ ಅವರ ಜೊತೆ ಬರುತ್ತೇನೆ, ಸೋಲಾಪುರದಿಂದ ಇಂಡಿ ರೋಡ್ ತನಕ ರೈಲು. ಅಕ್ಕಾ, ಅಷ್ಟರಲ್ಲಿ ಒಂದು ಕೆಲಸ ಮಾಡಿಸಿ. ಮೂರು ತಿಂಗಳು ದಾಟಿದ ಮರಿ ಎಷ್ಟು, ದೊಡ್ಡ ಆಡು ಎಷ್ಟು, ಗಬ್ಬ ಇರುವವು ಎಷ್ಟು ಅಂತ ಮನೆಮನೆ ಲೆಕ್ಕ ಬರೆಸಿ. ಆ ಪಟ್ಟಿ ಹಿಡಿದುಕೊಂಡು ತಾಲ್ಲೂಕು ಪಶು ಆಸ್ಪತ್ರೆಗೆ ಹೋಗೋಣ. ಮಳೆಗಾಲಕ್ಕೆ ಮುಂಚೆ ಕರುಳು ಬೇನೆಯ ಲಸಿಕೆಯೂ ಆಗಬೇಕು.